ತಿಪ್ಪೆ ಎಲ್ಲಿರಬೇಕು?

ನಾನು ಈ ಜನ್ಮದಲ್ಲಿ ರುಜು ಹಾಕಿರುವ ಮನವಿಪತ್ರಗಳು ಮೂರೋ ನಾಲ್ಕೋ ಇರಬಹುದು. ನೌಕರಿಯಲ್ಲಿದ್ದಷ್ಟು ಕಾಲ ಅನ್ಯರ ಮನವಿಗಳನ್ನು ಓದಿ ‘ಕಡತದಲ್ಲಿಡಿ’ ಎಂದು ಬರೆಯುವುದೇ ನನ್ನ ಕೆಲಸವಾಗಿದ್ದುದರಿಂದ ಆ ವಸ್ತುವಿನಲ್ಲಿ ನನಗೆ ಹೆಚ್ಚಿನ ಶ್ರದ್ಧೆ ಉಳಿದಿರಲಿಲ್ಲ. ಆದರೆ ನಿವೃತ್ತನಾದ ಮೇಲೆ ಹಾಕಿದ ಒಂದು ರುಜು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದರ ಕಥೆಯನ್ನು ಹೇಳಬೇಕೆಂದಿದ್ದೇನೆ. ಕಥೆ ಕಸಕ್ಕೆ ಸಂಬಂಧಿಸಿದ್ದು. ಭಾನುವಾರದ ಬೆಳಗ್ಗೆ ಕಾಫಿಯ ಲೋಟ ಹಿಡಿದು ಈ ಪುಟ ತೆರೆದವರಿಗೆ ಇದು ಅಷ್ಟೇನೂ ರುಚಿಸುವ ವಿಷಯವಲ್ಲವೆಂದು ಬಲ್ಲೆ. ಆದರೆ ಆ ಕಾಫಿಯ ಗಷ್ಟೂ ಎಲ್ಲಿಗಾದರೂ ಹೋಗಲೇಬೇಕಲ್ಲ!

2012ರ ಮಳೆಗಾಲ ಬೆಂಗಳೂರಿನವರಿಗೆ ನೆನಪಿರಬೇಕು. ಯಲಹಂಕದ ಆಚೆ ಮಾವಳ್ಳಿಪುರದಲ್ಲಿ ನಗರದ ಕಸ ಸುರಿಯುತ್ತಿದ್ದ ಜಾಗ ಆ ವರ್ಷ ಮುಚ್ಚಿತು. ಕಸ ಹೊತ್ತ ಲಾರಿಗಳಿಗೆ ಹೋಗುವ ದಾರಿ ತಪ್ಪಿತು. ಬೀದಿಬೀದಿಯ ಮೂಲೆಗಳಲ್ಲಿ ಗುಡ್ಡೆಗಳೆದ್ದವು. ದಿನಕ್ಕೆ ಸುಮಾರು 4,000 ಟನ್ ಕಸ ಹೊರಹಾಕುತ್ತಿದ್ದ ಊರು, ತಾನು ಹೊರಹಾಕಿದುದನ್ನು ಆಗ ಕಣ್ಣಾರೆ ಕಂಡಿತು. ಉಚ್ಚ ನ್ಯಾಯಾಲಯ ನಡುವೆ ಬಂದು, ಹಸಿ ಕಸ ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕು, ವಾರ್ಡುವಾರ್ಡಿಗೂ ಒಣಕಸ ಸಂಗ್ರಹಿಸುವ ಕೇಂದ್ರವಿರಬೇಕು ಎಂದು ಹೇಳಿತು. ನಮಗೆಲ್ಲ ಬಹಳ ಸಂತೋಷವಾಯಿತು. ನಮ್ಮ ಬಡಾವಣೆಯ ಸಂಘದ ಸಭೆಯಲ್ಲಿ ಒಬ್ಬರು ಎದ್ದು ನಿಂತು ಜಪಾನೀಯರ ಶುಚಿತ್ವದ ಮೇಲೆ ಅರ್ಧ ಗಂಟೆ ಮಾತನಾಡಿದರು.

ಮರುವರ್ಷ, ಅಂಥ ಕೇಂದ್ರಗಳಲ್ಲೊಂದು ನಮ್ಮ ಉದ್ಯಾನದ ಹಿಂಬದಿಯ ಮೂಲೆಗೇ ಬರುತ್ತದೆಂದು ಸುದ್ದಿಯಾಯಿತು. ಸಂತೋಷ ಅಲ್ಲಿಗೆ ಮುಗಿಯಿತು. ಅದೇ ಸಂಘ, ಅವೇ ಕುರ್ಚಿಗಳು. ಜಪಾನಿನ ಭಾಷಣ ಮಾಡಿದವರೇ ಮನವಿಯ ಕರಡು ಬರೆದರು. ನಾನು ಭಾಷೆ ತಿದ್ದಿಕೊಟ್ಟೆ. ಅದರಲ್ಲಿ ನಾಲ್ಕು ಕಾರಣಗಳಿದ್ದವು: ದುರ್ವಾಸನೆ; ನೊಣ ಸೊಳ್ಳೆಗಳಿಂದ ಮಕ್ಕಳ ಆರೋಗ್ಯಕ್ಕೆ ಹಾನಿ; ಲಾರಿಗಳ ಓಡಾಟ; ಮನೆ ನಿವೇಶನಗಳ ಬೆಲೆ ಇಳಿಯುವ ಭೀತಿ. ನಾಲ್ಕನೆಯದನ್ನು ಕೊನೆಯಲ್ಲಿಡಬೇಕೆಂದು ಸಲಹೆ ಕೊಟ್ಟವನು ನಾನೇ. ಮೊದಲು ಮಕ್ಕಳು ಬರಬೇಕು, ಆಮೇಲೆ ಬೆಲೆ. ಅಷ್ಟು ಆಫೀಸಿನ ಅನುಭವ ನನಗಿತ್ತು. ‘ಸಾರ್ವಜನಿಕ ಹಿತದೃಷ್ಟಿಯಿಂದ ಬೇರೆ ಸೂಕ್ತ ಸ್ಥಳವನ್ನು ಗೊತ್ತುಮಾಡಬೇಕಾಗಿ ಪ್ರಾರ್ಥನೆ’ ಎಂಬ ವಾಕ್ಯವೂ ನನ್ನದೇ. ಒಣಕಸವೆಂದರೆ ಹಳೆಯ ಕಾಗದ, ಸೀಸೆ, ಪ್ಲಾಸ್ಟಿಕ್ಕು. ಅದು ಅಷ್ಟಾಗಿ ನಾರುವುದಿಲ್ಲವೆಂಬುದು ನಮಗೆ ಹೊಳೆಯಲಿಲ್ಲ. ಹೊಳೆದವರು ಬಾಯಿ ಬಿಡಲಿಲ್ಲ. ರುಜುಗಳು ಬಿದ್ದವು. ನಮ್ಮಲ್ಲಿ ಒಬ್ಬಿಬ್ಬರಿಗೆ ದೊಡ್ಡವರ ಪರಿಚಯವಿತ್ತು. ಹದಿನೈದು ದಿನದೊಳಗೆ ಕೇಂದ್ರ ‘ಬೇರೆ ಸೂಕ್ತ ಸ್ಥಳ’ಕ್ಕೆ ಹೋಯಿತು. ಎಲ್ಲಿಗೆ ಎಂದು ನಾವು ಕೇಳಲಿಲ್ಲ.

ಇದಾದ ಮುಂದಿನ ಬೇಸಿಗೆಯಲ್ಲಿ, ಎಂದರೆ 2014ರಲ್ಲಿ, ನನಗೊಂದು ಮದುವೆಯ ಕರೆ ಬಂತು. ನಮ್ಮ ಬೀದಿಗೆ ಇಪ್ಪತ್ತು ವರ್ಷಗಳಿಂದ ಸೊಪ್ಪು ತರಕಾರಿ ತಂದುಕೊಡುತ್ತಿದ್ದ ರೈತರೊಬ್ಬರ ಮಗನ ಮದುವೆ. ಹಳೆ ಮದರಾಸು ರಸ್ತೆಯ ಕಡೆಯವರು. ಅವರ ಹಳ್ಳಿ ಮಂಡೂರಿಗೆ ಹತ್ತಿರ. ಆಟೋರಿಕ್ಷಾದಲ್ಲಿ ಹೋಗುವಾಗ ಬಯಲಿನ ನಡುವೆ ಒಂದು ಬೆಟ್ಟ ಕಂಡಿತು. “ಈ ಕಡೆ ಬೆಟ್ಟವಿರಲಿಲ್ಲವಲ್ಲಪ್ಪ” ಎಂದೆ. ಆಟೋದವನು ಹಿಂತಿರುಗಿ ನೋಡದೆ, “ಅದು ನಿಮ್ಮದೇ ಸ್ವಾಮಿ” ಎಂದ.

ಮದುವೆ ಮನೆಯಲ್ಲಿ ಕುಡಿಯುವ ನೀರನ್ನು ಪೇಟೆಯಿಂದ ಡಬ್ಬಗಳಲ್ಲಿ ತರಿಸಿದ್ದರು. ಹಿತ್ತಿಲಲ್ಲಿ ಬಾವಿಯಿತ್ತು, ಅದರ ಬಾಯಿಗೆ ಚಪ್ಪಡಿ ಎಳೆದಿತ್ತು. ಊಟದೆಲೆಯ ಮೇಲೆ ಕುಳಿತ ನೊಣಗಳನ್ನು ಓಡಿಸಲೆಂದೇ ಇಬ್ಬರು ಹುಡುಗರು ಟವಲು ಬೀಸುತ್ತ ಸಾಲಿನುದ್ದಕ್ಕೂ ತಿರುಗುತ್ತಿದ್ದರು. ಊಟವಾದ ಮೇಲೆ ಯಜಮಾನರು ನನ್ನನ್ನು ಒಳಗೆ ಕರೆದು, ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು, “ನೀವು ಆಫೀಸಿನಲ್ಲಿದ್ದವರು. ಊರವರೆಲ್ಲ ಸೇರಿ ಕೊಡುವ ಮನವಿ ಇದು. ಸ್ವಲ್ಪ ತಿದ್ದಿಕೊಡಿ” ಎಂದರು. ಓದಿದೆ. ದುರ್ವಾಸನೆ, ನೊಣ ಸೊಳ್ಳೆ, ಮಕ್ಕಳ ಆರೋಗ್ಯ, ಲಾರಿಗಳ ಓಡಾಟ. ನಾಲ್ಕನೆಯದು ಬೇರೆಯಾಗಿತ್ತು: ಬಾವಿಯ ನೀರು ಕೆಟ್ಟಿದೆ, ನಮ್ಮೂರಿಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ. ಕೊನೆಯಲ್ಲಿ, ‘ಬೇರೆ ಸೂಕ್ತ ಸ್ಥಳವನ್ನು ಗೊತ್ತುಮಾಡಬೇಕು’ ಎಂದಿತ್ತು.

ನಾನು ಎರಡು ಕಾಗುಣಿತದ ತಪ್ಪು ತಿದ್ದಿ ಹಿಂದಕ್ಕೆ ಕೊಟ್ಟೆ. ನಮ್ಮ ಮನವಿಗೆ ಹದಿನೈದು ದಿನ ಸಾಕಾಗಿತ್ತು. ಆ ಕಡೆಯವರು ವರ್ಷಗಳಿಂದ ಬರೆಯುತ್ತಿದ್ದರು. ಉತ್ತರವಾಗಿ ಪೊಲೀಸರ ಕಾವಲಿನಲ್ಲಿ ಲಾರಿಗಳು ಬರುತ್ತಿದ್ದವು. ಆ ಮಳೆಗಾಲದಲ್ಲಿ ಮಂಡೂರಿನ ಜನ ರಸ್ತೆಯಲ್ಲಿ ಕುಳಿತ ಮೇಲೆ ಸರಕಾರ ನವೆಂಬರ್ ಕೊನೆಯವರೆಗೆ ಅವಧಿ ಕೇಳಿತು; 2014ರ ಡಿಸೆಂಬರ್ 1ರಿಂದ ಅಲ್ಲಿ ಹೊಸ ಕಸ ಸುರಿಯುವುದು ನಿಂತಿತು. ಬೆಟ್ಟ ಮಾತ್ರ ಅಲ್ಲಿಯೇ ನಿಂತಿತ್ತು.

ಒಂದೇ ಮಾತನ್ನು ಇಬ್ಬರು ಹೇಳಿದರೆ ಒಬ್ಬನದು ತರ್ಕವೂ ಇನ್ನೊಬ್ಬನದು ತಕರಾರೂ ಆಗುವುದು ಹೇಗೆ? ಅಂದಿನಿಂದ ನನ್ನ ತಲೆಯನ್ನು ಕೊರೆಯುತ್ತಿರುವ ಪ್ರಶ್ನೆ ಇದು.

ನನ್ನ ತಾತನ ಹಳ್ಳಿಯಲ್ಲಿ ಇಂಥ ಪ್ರಶ್ನೆ ಹುಟ್ಟುವ ಸಂಭವವಿರಲಿಲ್ಲ. ಅಲ್ಲಿ ಪ್ರತಿ ಮನೆಗೂ ಅದರದೇ ತಿಪ್ಪೆ ಇತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಎಂಜಲೆಲೆ ಎಲ್ಲವೂ ಅಲ್ಲಿಗೇ. ಯುಗಾದಿ ಕಳೆದ ಮೇಲೆ ಗಾಡಿಯಲ್ಲಿ ಹೊಲ ಸೇರುತ್ತಿತ್ತು. ತಿಪ್ಪೆ ದೊಡ್ಡದಿದ್ದ ಮನೆಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು. ದೀಪಾವಳಿಯಲ್ಲಿ ಅದರ ಮೇಲೊಂದು ಹಣತೆ ಇಡುತ್ತಿದ್ದರು. ಹುಟ್ಟಿದ ಕೂಸು ಉಳಿಯದ ಮನೆಗಳಲ್ಲಿ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವುದಿತ್ತು. ನಾಯಕನಹಟ್ಟಿಯಲ್ಲಿ ಲಕ್ಷಾಂತರ ಜನ ತೇರೆಳೆಯುವ ಸ್ವಾಮಿಯ ಹೆಸರೇ ತಿಪ್ಪೇರುದ್ರ. ಹಳ್ಳಿಯವರು ನಮಗಿಂತ ಸಾಧುಗಳಾಗಿದ್ದರೆಂದು ನಾನು ಹೇಳಲಾರೆ. ಅವರ ಕಸದಲ್ಲಿ ಮಣ್ಣಾಗದ ಪದಾರ್ಥ ಕಡಮೆ ಇತ್ತು, ಹೊಲ ಹತ್ತಿರದಲ್ಲಿತ್ತು, ತನ್ನ ತಿಪ್ಪೆ ನಾರಿದರೆ ಮೊದಲು ನಾರುತ್ತಿದ್ದುದು ತನ್ನ ಮೂಗಿಗೇ. ಕೊನೆಯದರಲ್ಲಿಯೇ ಒಂದು ನೀತಿ ಅಡಗಿತ್ತೆಂದು ನನಗೆ ತೋರುತ್ತದೆ.

ನಗರದಲ್ಲಿ ಈ ಮೂರೂ ಇಲ್ಲ. ಇಲ್ಲಿ ಕಸ ಹಾಕುವವನ ಮೂಗು ಒಂದು ಕಡೆ, ಕಸ ಇನ್ನೊಂದು ಕಡೆ. ‘ಇನ್ನೊಂದು ಕಡೆ’ ಎಲ್ಲಿ ಎಂಬುದನ್ನು ಯಾರು ಗೊತ್ತುಮಾಡುತ್ತಾರೆ? ಪಾಲಿಕೆಯ ಇಂಜಿನಿಯರು ಎಂದು ನಾವು ತಿಳಿದಿರುತ್ತೇವೆ. ಅವನಿಗಿಂತ ಮೊದಲೇ ನೆಲ, ಮಳೆ, ಹಣ, ಜಾತಿ ಇವು ನಾಲ್ಕೂ ಸೇರಿ ಮುಕ್ಕಾಲುಪಾಲು ಗೊತ್ತುಮಾಡಿ ಆಗಿರುತ್ತದೆ.

ಮೊದಲು ನೆಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ಇಲ್ಲಿ ಬಿದ್ದ ನೀರು ಒಂದು ಕಡೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೂ ಇಳಿಯುತ್ತದೆ. ಆದ್ದರಿಂದ ನಾವು ಕಸವನ್ನು ಸುತ್ತಲ ಯಾವ ದಿಕ್ಕಿನಲ್ಲಿ ಸುರಿದರೂ ಅದರ ಕೆಳಗೆ ಯಾರದೋ ಕೆರೆ ಇದ್ದೇ ಇರುತ್ತದೆ. ಇನ್ನೂ ಒಂದು ಸಂಗತಿ. ನಮ್ಮ ನೆಲದಡಿ ಇರುವುದು ಗಟ್ಟಿ ಬಂಡೆ. ಆ ಬಂಡೆಯನ್ನು ಸೀಳಿ ತಂದು ನಾವು ಮನೆಗಳಿಗೆ ಅಡಿಪಾಯ ಹಾಕಿದೆವು. ಕಲ್ಲು ತೆಗೆದಲ್ಲಿ ಹಳ್ಳ ಉಳಿಯಿತು. ಮಂಡೂರಿನ ಬಾಗಿಲು ಮುಚ್ಚಿದ ಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಡೆಯ ಹಳೆಯ ಕಲ್ಲುಗಣಿಗಳಿಗೆ ನಗರದ ಕಸ ಹೋಗತೊಡಗಿತು. ಮನೆ ಕಟ್ಟಲು ಯಾರ ನೆಲ ಅಗೆದೆವೋ ಅದೇ ದಿಕ್ಕಿನವರಿಗೆ ಆ ಮನೆಯ ಕಸವನ್ನೂ ಕಳುಹಿಸಿದಂತಾಯಿತು.

ಮಳೆಯ ಮಾತಿಗೆ ಘಟ್ಟ ಇಳಿಯಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸಾವಿರ ಮಿಲಿಮೀಟರಿನೊಳಗೆ ಮಳೆ. ಮಂಗಳೂರಿನಲ್ಲಿ ಮೂರೂವರೆ ಸಾವಿರಕ್ಕೂ ಮೇಲೆ. ಅಲ್ಲಿ ಸಮತಟ್ಟು ನೆಲ ದುರ್ಲಭ. ಗುಡ್ಡ, ಗುಡ್ಡದ ಬುಡದಲ್ಲಿ ತೋಟ. ನಗರದ ಕಸ ಪಚ್ಚನಾಡಿಯ ಎತ್ತರದಲ್ಲಿ ವರ್ಷಗಟ್ಟಲೆ ಬೆಳೆಯಿತು. 2019ರ ಆಗಸ್ಟಿನ ಮಳೆಗೆ ಆ ರಾಶಿ ನೀರು ಕುಡಿದು ಭಾರವಾಗಿ, ಕೆಳಗಿನ ಮಂದಾರದ ಕಡೆಗೆ ಸರಿಯಿತು; ಮನೆಗಳನ್ನೂ ತೆಂಗು ಕಂಗಿನ ತೋಟಗಳನ್ನೂ ನುಂಗಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ‘ಕಸದಿಂದ ರಸ’ ಎಂದು ನಾವು ಗೋಡೆಗಳ ಮೇಲೆ ಬರೆಯಿಸುತ್ತೇವೆ. ಮಳೆ ಬಿದ್ದ ಕಸದ ರಾಶಿಯಿಂದ ಸೋರುವ ಕಪ್ಪು ನೀರೂ ಒಂದು ರಸವೇ. ಅದು ಯಾರ ಬಾವಿಗೆ ಇಳಿಯುತ್ತದೆಂಬುದನ್ನು ಗೋಡೆ ಹೇಳುವುದಿಲ್ಲ.

ಹಣದ ಮಾತು ಇನ್ನೂ ವಿಚಿತ್ರ. ಪರದೇಶಗಳಲ್ಲಿ ಕಸವನ್ನು ಸುಟ್ಟು ವಿದ್ಯುತ್ತು ಮಾಡುತ್ತಾರಲ್ಲ, ನಮಗೇಕೆ ಆಗದು ಎಂದು ಕೇಳುವವರುಂಟು. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಅಂಥದೊಂದು ಯಂತ್ರಾಗಾರ ಕಟ್ಟಿದರು. ಅದು ಕೆಲವೇ ದಿನ ನಡೆದು ನಿಂತಿತು. ನಮ್ಮ ಕಸಕ್ಕೆ ತಾನೇ ಉರಿಯುವ ಶಕ್ತಿ ಸಾಲದು. ಕಾಗದ, ರಟ್ಟು, ಸೀಸೆ ಮೊದಲಾದ ಬೆಲೆಯುಳ್ಳದ್ದನ್ನು ಮನೆಯಾಕೆ ಹಳೆಯ ಪತ್ರಿಕೆಯವನಿಗೆ ಮಾರಿರುತ್ತಾಳೆ. ಅವನು ಬಿಟ್ಟದ್ದನ್ನು ಚಿಂದಿ ಆಯುವವರು ತೆಗೆದಿರುತ್ತಾರೆ. ಉಳಿದುದರಲ್ಲಿ ಅರ್ಧಕ್ಕೂ ಹೆಚ್ಚು ತರಕಾರಿಯ ಸಿಪ್ಪೆ, ಅನ್ನ, ಹೂವು, ಎಳನೀರಿನ ಬುರುಡೆ. ಬಡತನವೂ ಊಟದ ಪದ್ಧತಿಯೂ ಕೂಡಿ ನಮ್ಮ ಕಸಕ್ಕೆ ಇಂಥ ಒಂದು ಗುಣ ಕೊಟ್ಟಿವೆ. ಒಂದು ದೇಶದ ಒಲೆ ಇನ್ನೊಂದು ದೇಶದ ಎಂಜಲನ್ನು ಬೇಯಿಸಲಾರದು.

ಮೈಸೂರಿನವರು ಇದನ್ನು ಓದಿ ನಸುನಗಬಹುದು. ಅವರ ನಗೆಗೆ ಕಾರಣವೂ ಇದೆ. 2015ರಲ್ಲಿಯೂ 2016ರಲ್ಲಿಯೂ ದೇಶದ ನಗರಗಳ ಶುಚಿತ್ವದ ಪಟ್ಟಿಯಲ್ಲಿ ಮೈಸೂರು ಮೊದಲನೆಯದಾಯಿತು. ಕುಂಬಾರಕೊಪ್ಪಲಿನಂಥ ಕಡೆ ಬಡಾವಣೆಯ ಕಸವನ್ನು ಅಲ್ಲಿಯೇ ಬೇರ್ಪಡಿಸಿ ಗೊಬ್ಬರ ಮಾಡಿ ಮಾರಿದರು. ಊರು ಹಿಡಿತಕ್ಕೆ ಸಿಕ್ಕುವಷ್ಟು ದೊಡ್ಡದು. ಗೊಬ್ಬರ ಕೊಳ್ಳುವ ರೈತ ಹತ್ತಿರದಲ್ಲಿದ್ದಾನೆ. ಆದರೂ ಅದೇ ಮೈಸೂರಿನ ವಿದ್ಯಾರಣ್ಯಪುರದಲ್ಲಿ, ಚಾಮುಂಡಿಬೆಟ್ಟ ಕಾಣುವಷ್ಟು ಹತ್ತಿರದಲ್ಲಿ, ವರ್ಷಗಳಿಂದ ಬೆಳೆದ ಕಸದ ಗುಡ್ಡೆಯ ಬಗ್ಗೆ ಸುತ್ತಲ ಜನ ದೂರುತ್ತ ಬಂದರು. ಪಟ್ಟಿಯ ಮೊದಲ ಊರಿಗೂ ಒಂದು ಹಿಂಬಾಗಿಲು ಇದ್ದೇ ಇತ್ತು.

ಹಿಂಬಾಗಿಲು ಎಂದಾಗ ನನ್ನ ಬಾಲ್ಯ ನೆನಪಾಗುತ್ತದೆ. 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರದಲ್ಲಿ ಮನೆಗಳ ಮುಂದೆ ಒಂದು ಬೀದಿಯಾದರೆ ಹಿಂದೆ ಒಂದು ಓಣಿ. ಕನ್ಸರ್ವೆನ್ಸಿ ಎಂದು ಅದರ ಹೆಸರು. ಮಲ ಹೊರುವವರು ಆ ಓಣಿಯಲ್ಲೇ ಬಂದು ಆ ಓಣಿಯಲ್ಲೇ ಹೋಗಬೇಕು. ನಮ್ಮ ಮನೆಯ ಹಿಂದೆ ಬರುತ್ತಿದ್ದಾಕೆ ನೀರು ಕೇಳಿದರೆ ನನ್ನ ತಾಯಿ ಎತ್ತರದಿಂದ ಹೊಯ್ಯುತ್ತಿದ್ದರು. ತಾಯಿ ಕರುಣೆಯುಳ್ಳವರು, ಅದರಲ್ಲಿ ತಪ್ಪಿದೆಯೆಂದು ಅವರಿಗೆ ತೋರಿರಲಿಲ್ಲ. ನನಗೂ ತೋರಿರಲಿಲ್ಲ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಬುಟ್ಟಿ ಇಳಿಯಿತು, ಹೆಸರು ಬದಲಾಗಿ ಪೌರಕಾರ್ಮಿಕರು ಎಂದಾಯಿತು. ಆದರೆ ಇಂದು ಬೆಳಗ್ಗೆ ನಿಮ್ಮ ಬೀದಿ ಗುಡಿಸಿದವರು ಯಾವ ಜನ ಎಂದು ವಿಚಾರಿಸಿ ನೋಡಿ. ಬಹುಪಾಲು ದಲಿತ ಹೆಣ್ಣುಮಕ್ಕಳು. ಮನೆಯ ಹಿಂದಿದ್ದ ಓಣಿಯನ್ನು ನಾವು ಊರಿನ ಹಿಂದಕ್ಕೆ ಸಾಗಿಸಿದೆವು, ಅಷ್ಟೆ. ಮಾವಳ್ಳಿಪುರ ಮಂಡೂರುಗಳು ಬೆಂಗಳೂರಿನ ಕನ್ಸರ್ವೆನ್ಸಿಗಳು.

ಈ ಮಾತನ್ನು ಒಮ್ಮೆ ಸಂಘದ ಸ್ನೇಹಿತರೊಡನೆ ಎತ್ತಿದೆ. ಅವರಲ್ಲೊಬ್ಬರು ಒಳ್ಳೆಯ ತರ್ಕಪಟುಗಳು. “ಎಲ್ಲಾದರೂ ಒಂದು ಕಡೆ ಹಾಕಲೇಬೇಕಲ್ಲ. ಲಕ್ಷ ಜನರಿರುವಲ್ಲಿ ಹಾಕುವುದಕ್ಕಿಂತ ಸಾವಿರ ಜನರಿರುವಲ್ಲಿ ಹಾಕಿದರೆ ಒಟ್ಟು ಕಷ್ಟ ಕಡಮೆ. ತೆರಿಗೆ ಕೊಡುತ್ತೇವೆ, ಆ ಹಳ್ಳಿಗೆ ರಸ್ತೆ ಮಾಡಿಸಲಿ, ಆಸ್ಪತ್ರೆ ಕಟ್ಟಿಸಲಿ. ಇದರಲ್ಲಿ ಅನ್ಯಾಯವೇನು?” ಎಂದರು.

ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೋಟಿಗೂ ಮೀರಿದ ಜನವಿರುವ ಊರಿನಲ್ಲಿ ಎಲ್ಲರೂ ಎಲ್ಲವನ್ನೂ ಹಿತ್ತಿಲಲ್ಲಿ ಹೂಳಲಾರರು, ಹಿತ್ತಿಲೇ ಇಲ್ಲ. ಕೊನೆಗೆ ಒಂದಿಷ್ಟು ಎಲ್ಲಿಗಾದರೂ ಹೋಗಲೇಬೇಕು. ಆದರೂ ಲೆಕ್ಕದಲ್ಲಿ ಎರಡು ಕಡೆ ತಪ್ಪಿದೆಯೆಂದು ನನಗನ್ನಿಸುತ್ತದೆ.

ಒಂದು: ‘ಎಲ್ಲಾದರೂ’ ಎನ್ನುವುದು ನಿಜವಾಗಿ ಎಲ್ಲಾದರೂ ಆಗಿದ್ದರೆ ಒಮ್ಮೆಯಾದರೂ ಚೀಟಿ ನಮ್ಮ ಹೆಸರಿಗೆ ಬರಬೇಕಾಗಿತ್ತು. ಬಂದಾಗ ನಾವೇನು ಮಾಡಿದೆವೆಂಬುದನ್ನು ಹೇಳಿಯಾಗಿದೆ. ನಮ್ಮ ಪಾಲಿಗೆ ಬಂದುದು ನಾರುವ ಬೆಟ್ಟವೂ ಅಲ್ಲ. ಹಳೆಯ ಕಾಗದದ ಒಂದು ಕೊಟ್ಟಿಗೆ. ಅದನ್ನೂ ಒಲ್ಲೆವೆಂದವರು ಬೆಟ್ಟ ಹೊತ್ತವರಿಗೆ ಒಟ್ಟು ಕಷ್ಟದ ಲೆಕ್ಕ ಹೇಳುವುದು ಹೇಗೆ? ತನಗೆ ಒಗ್ಗದ್ದನ್ನು ಪರರಿಗೆ ಮಾಡಬೇಡವೆಂದು ಹಿರಿಯರು ಹೇಳಿದ್ದು ಯಾವುದೋ ದೊಡ್ಡ ಧರ್ಮಸಂಕಟಕ್ಕೆಂದು ನಾನು ತಿಳಿದಿದ್ದೆ. ಅದು ಕಸದ ಬುಟ್ಟಿಗೂ ಅನ್ವಯಿಸುತ್ತದೆ.

ಎರಡು: ಪರಿಹಾರ ಕೊಡುವುದಕ್ಕೆ ಮೊದಲು ಒಪ್ಪಿಗೆ ಕೇಳಬೇಕು. ಕೊಳ್ಳುವವನು ಬೆಲೆ ಕಟ್ಟಿ, ಮಾರುವವನಿಗೆ ಬೇಡವೆನ್ನುವ ಅವಕಾಶವಿಲ್ಲದಿದ್ದರೆ ಅದು ವ್ಯಾಪಾರವಲ್ಲ. ಮಂಡೂರಿನ ನೆಲ ಅಗ್ಗವಾಗಿತ್ತೆಂದು ಅಲ್ಲಿಗೆ ಕಸ ಹೋಯಿತು. ಕಸ ಹೋದುದರಿಂದ ಸುತ್ತಲ ನೆಲ ಇನ್ನೂ ಅಗ್ಗವಾಯಿತು. ನೀರು ಇಳಿಜಾರಿಗೆ ಹರಿಯುವುದು ಪ್ರಕೃತಿಯ ನಿಯಮ. ಕಸ ಹರಿಯುವುದು ಮನುಷ್ಯರು ಮಾಡಿದ ಇಳಿಜಾರಿನಲ್ಲಿ: ಹೆಚ್ಚು ಬೆಲೆಯ ನೆಲದಿಂದ ಕಡಮೆ ಬೆಲೆಯ ನೆಲಕ್ಕೆ, ಪರಿಚಯ ಇರುವವರಿಂದ ಇಲ್ಲದವರ ಕಡೆಗೆ. ಭೂಗೋಳದ ಪಾಠ ಹೇಳಿ ನಾವು ಆ ಇಳಿಜಾರನ್ನು ಸೃಷ್ಟಿಯ ತಲೆಗೆ ಕಟ್ಟಬಾರದು.

ಹಾಗೆಂದು ಜಾಗ ಬದಲಾದರೆ ಜನ ಬದಲಾಗುತ್ತಾರೆಂದೂ ನಾನು ನಂಬುವುದಿಲ್ಲ. ನಗರದ ಕಸವನ್ನು ಗೊಬ್ಬರ ಮಾಡಲೆಂದು 1975ರಲ್ಲಿ ಸರಕಾರ ಒಂದು ನಿಗಮ ಸ್ಥಾಪಿಸಿತು. ಅದರ ಘಟಕವಿದ್ದುದು ಈಗಿನ ಎಚ್‌ಎಸ್‌ಆರ್ ಬಡಾವಣೆಯ ಬಳಿ. ಆಗ ಅದು ಊರಾಚೆ. ಊರು ಬೆಳೆದು ಅದನ್ನು ಬಳಸಿತು. ಮಹಡಿಯ ಮೇಲೆ ಮಹಡಿಯ ಮನೆಗಳೆದ್ದವು. ಆಮೇಲೆ ಬಂದವರು, ವಾಸನೆ ತಾಳಲಾರೆವು, ಇದನ್ನು ಇಲ್ಲಿಂದ ತೆಗೆಯಿರಿ ಎಂದರು. ಅವರ ಕಷ್ಟವೂ ನಿಜ. ಅವರ ಮನವಿಯನ್ನು ನಾನು ಓದಿಲ್ಲ. ಅದರ ಕೊನೆಯ ವಾಕ್ಯವನ್ನು ಮಾತ್ರ ಊಹಿಸಬಲ್ಲೆ.

ಹಾಗಾದರೆ ಮಾಡುವುದೇನು? ನಾನು ಇಂಜಿನಿಯರಲ್ಲ. ನನಗೆ ತಿಳಿದಿರುವುದು ಇಷ್ಟು. ಹಸಿಯನ್ನೂ ಒಣದನ್ನೂ ಮನೆಯಲ್ಲಿ ಬೇರೆ ಮಾಡಿದರೆ, ಹಸಿಯದು ಹತ್ತಿರದಲ್ಲೇ ಮಣ್ಣಾದರೆ, ಹಳ್ಳಿಯ ಕಡೆಗೆ ಹೋಗುವ ಲಾರಿಯಲ್ಲಿ ಅರ್ಧಕ್ಕೂ ಹೆಚ್ಚು ಖಾಲಿಯಾಗುತ್ತದೆ. ಉಳಿದುದು ಅಷ್ಟಾಗಿ ಕೊಳೆಯುವುದಿಲ್ಲ, ಕಪ್ಪು ನೀರು ಬಿಡುವುದಿಲ್ಲ. ಇದನ್ನು ಮಾಡಲು ಬೇಕಾದುದು ಒಂದು ವಾರ್ಡು ತನ್ನ ಪಾಲಿನ ವಾಸನೆಯನ್ನು ತಾನು ಸಹಿಸಿಕೊಳ್ಳುವ ಮನಸ್ಸು. ಆಗ ವಾಸನೆ ಕಡಮೆ ಮಾಡುವ ಉಪಾಯಗಳು ತಾವಾಗಿ ಹೊಳೆಯುತ್ತವೆ. ಪರಿಚಯವಿರುವ ದೊಡ್ಡವರಿಗೂ ಹೊಳೆಯುತ್ತವೆ. ತಿಪ್ಪೆ ಎಲ್ಲಿರಬೇಕೆಂದರೆ, ಅದನ್ನು ಮಾಡಿದವನ ಮೂಗಿಗೆ ಎಟುಕುವಷ್ಟು ಹತ್ತಿರದಲ್ಲಿರಬೇಕು.

ಮಂಡೂರಿನಿಂದ ಬಂದ ಮೇಲೆ ಸಂಘದ ಸಭೆಯಲ್ಲಿ, ನನ್ನ ರುಜುವನ್ನು ಹಿಂದೆಗೆದುಕೊಳ್ಳುತ್ತೇನೆ ಎಂದೆ. ಎಲ್ಲರೂ ನಕ್ಕರು. “ಕೆಲಸವೇ ಆಗಿಹೋಯಿತಲ್ಲ ರಾಯರೇ” ಎಂದರು. ನಿಜ, ಆಗಿಹೋದ ಕೆಲಸದ ಕೆಳಗಿನ ರುಜುವನ್ನು ಅಳಿಸುವ ವಿಧಾನ ಯಾವ ಕಾನೂನಿನಲ್ಲಿಯೂ ಇಲ್ಲ. ಆ ಮೂಲೆ ಉದ್ಯಾನದಲ್ಲಿ ಇಂದಿಗೂ ಖಾಲಿ ಬಿದ್ದಿದೆ, ಹುಲ್ಲೂ ಬೆಳೆದಿಲ್ಲ.

ನಮ್ಮ ಮಹಡಿಯ ಮೇಲೆ ಮೂರು ಮಣ್ಣಿನ ಮಡಕೆಗಳನ್ನಿಟ್ಟಿದ್ದೇನೆ. ಅಡಿಗೆಮನೆಯ ಸಿಪ್ಪೆ, ಪೂಜೆಯ ಹೂವು, ಕಾಫಿಯ ಗಷ್ಟು ಅದರೊಳಗೆ ಹೋಗುತ್ತವೆ. ಮೊದಲ ಮಳೆಗಾಲದಲ್ಲಿ ಹುಳುವಾಯಿತು, ನಾರಿತು. ಒಣಗಿದ ಎಲೆ ಸಾಲದೆಹೋಗಿತ್ತೆಂದು ಆಮೇಲೆ ತಿಳಿಯಿತು. ಪಕ್ಕದ ಮನೆಯವರು ಸಂಘಕ್ಕೆ ಒಂದು ದೂರು ಕೊಟ್ಟರು. ಅದರ ಭಾಷೆ ಅಷ್ಟು ಚೆನ್ನಾಗಿರಲಿಲ್ಲ. ಸೊಪ್ಪಿನ ಯಜಮಾನರಿಗೆ ಇದನ್ನೆಲ್ಲ ಹೇಳಿದಾಗ ಅವರು ಮಹಡಿ ಹತ್ತಿ ಬಂದು, ಮಡಕೆಯಿಂದ ಒಂದು ಹಿಡಿ ತೆಗೆದು, ಹಿಸುಕಿ, ಮೂಸಿ ನೋಡಿದರು. “ಇನ್ನೂ ಹದಿನೈದು ದಿನ ಬೇಕು” ಎಂದರು.